ಯುಎಸ್‌ಬಿ ಕೇಬಲ್‌ನಲ್ಲೇ ನೆಟ್‌ವರ್ಕ್: ಆರ್‌ಜಿ350, ಜಿಸಿಡಬ್ಲ್ಯೂ ಝೀರೋಗೆ ಫೈಲ್ ಕಳಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಓಪನ್‌ಡಿಂಗಕ್ಸ್ (ಆಟದ ಕನ್ಸೋಲ್‌ಗಳಿಗೆ ಅಂತ ಮಾಡಿದ ಲಿನಕ್ಸ್) ಓಡುವ ಹ್ಯಾಂಡ್‌ಹೆಲ್ಡ್‌ಗಳನ್ನು, ಅಂದರೆ ಕೈಯಲ್ಲಿ ಹಿಡಿದು ಆಡುವ ಕನ್ಸೋಲ್‌ಗಳನ್ನು ಇಟ್ಟುಕೊಂಡವರಿಗೆ. ಮುಖ್ಯವಾಗಿ 2013ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಬಂದ ಜಿಸಿಡಬ್ಲ್ಯೂ ಝೀರೋ, ಮತ್ತು 2019ರಲ್ಲಿ ಆನ್‌ಬರ್ನಿಕ್ ತಂದ ಆರ್‌ಜಿ350. ಎರಡರ ಹೊಟ್ಟೆಯೊಳಗೂ ಇರೋದು ಇಂಜೆನಿಕ್ ಕಂಪನಿಯ ಜೆಝಡ್4770 ಚಿಪ್ ಮತ್ತು 512 ಎಂಬಿ ರ‍್ಯಾಮ್. ಹಾಗಾಗಿ ಒಂದಕ್ಕೆ ಹೇಳಿದ್ದು ಹೆಚ್ಚುಕಮ್ಮಿ ಇನ್ನೊಂದಕ್ಕೂ ಸರಿಹೋಗುತ್ತದೆ.

ಆಜ್ಞೆಗಳು, ಫೋಲ್ಡರ್ ಹೆಸರುಗಳು ಇಲ್ಲಿ ಕನ್ನಡದಲ್ಲಿವೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹಾಕಿ.

ಕೇಬಲ್ ಚುಚ್ಚಿದರೆ ಕನ್ಸೋಲ್ ಪೆನ್‌ಡ್ರೈವ್ ತರ ಯಾಕೆ ಕಾಣುವುದಿಲ್ಲ?

ಎಲ್ಲರೂ ಮೊದಲು ಕೇಳುವ ಪ್ರಶ್ನೆಯೇ ಇದು. ಇದಕ್ಕೆ ಉತ್ತರ ಗೊತ್ತಾದರೆ ಮುಂದಿನ ಅರ್ಧ ಗೊಂದಲ ತಾನಾಗೇ ಹೋಗುತ್ತದೆ.

ಪೆನ್‌ಡ್ರೈವ್ ಕಂಪ್ಯೂಟರ್‌ಗೆ ಫೈಲ್‌ಗಳನ್ನು ಕೊಡುವುದಿಲ್ಲ. ಬರೀ ನಂಬರ್ ಹಾಕಿದ ಖಾನೆಗಳನ್ನು ಕೊಡುತ್ತದೆ. ಯಾವ ಖಾನೆಯಲ್ಲಿ ಯಾವ ಫೈಲ್‌ನ ಯಾವ ತುಂಡಿದೆ ಅನ್ನೋ ಲೆಕ್ಕ ಇಟ್ಟುಕೊಳ್ಳುವುದು ಕಂಪ್ಯೂಟರ್. ಕನ್ಸೋಲ್‌ನ ಮೆಮೊರಿ ಕಾರ್ಡ್ ಮಾತ್ರ ಸುಮ್ನೆ ಕೂತಿರುವ ಕಾರ್ಡ್ ಅಲ್ಲ. ಅದರ ಮೇಲೆ ಲಿನಕ್ಸ್ ಆಗಲೇ ಓಡುತ್ತಿದೆ. ಮೆನು, ಸೆಟ್ಟಿಂಗ್, ಸೇವ್ ಫೈಲ್ ಎಲ್ಲವೂ ಅಲ್ಲೇ ಇವೆ. ಅದೇ ಕಾರ್ಡನ್ನು ಅದೇ ಹೊತ್ತಿಗೆ ಕಂಪ್ಯೂಟರ್‌ಗೂ ಕೊಟ್ಟರೆ, ಒಂದೇ ಅಂಗಡಿಯ ಸಾಲದ ಲೆಕ್ಕವನ್ನು ಇಬ್ಬರು ಎರಡು ಬೇರೆ ಪುಸ್ತಕದಲ್ಲಿ ಬರೆದ ಹಾಗಾಗುತ್ತದೆ. ಇಬ್ಬರೂ ತಮ್ಮದೇ ಸರಿ ಅಂದುಕೊಂಡಿರುತ್ತಾರೆ, ಸಂಜೆಗೆ ಯಾವುದೂ ತಾಳೆಯಾಗುವುದಿಲ್ಲ. ಕಾರ್ಡ್ ವಿಷಯದಲ್ಲಿ ಇದರರ್ಥ ಫೈಲ್‌ಸಿಸ್ಟಮ್ ಕೆಟ್ಟುಹೋಗುವುದು.

ಇನ್ನೊಂದು ಕಾರಣವೂ ಇದೆ. ಕನ್ಸೋಲ್‌ನ ಒಳಗಿನ ಕಾರ್ಡ್‌ನಲ್ಲಿ ನಿಮ್ಮ ಡೇಟಾ ಇರೋದು ಎಕ್ಸ್ಟ್4 ಅನ್ನೋ ಲಿನಕ್ಸ್ ಫೈಲ್‌ಸಿಸ್ಟಮ್‌ನ ಭಾಗದಲ್ಲಿ. ವಿಂಡೋಸ್ ಅದನ್ನು ತಾನಾಗಿ ಓದುವುದಿಲ್ಲ. "ಫಾರ್ಮ್ಯಾಟ್ ಮಾಡಲೇ?" ಅಂತ ಕೇಳುತ್ತದೆ. ಅಭ್ಯಾಸಬಲದಿಂದ ಹೌದು ಒತ್ತಿದರೆ ಕಥೆ ಮುಗಿಯಿತು.

ನೆಟ್‌ವರ್ಕ್ ದಾರಿಯಲ್ಲಿ ಈ ತಾಪತ್ರಯ ಇಲ್ಲ. ಕಾರ್ಡ್‌ನ ಯಜಮಾನಿಕೆ ಕನ್ಸೋಲ್ ಕೈಯಲ್ಲೇ ಉಳಿಯುತ್ತದೆ. ಕಂಪ್ಯೂಟರ್ "ಈ ಫೈಲ್ ಕೊಡು, ಇದನ್ನು ಅಲ್ಲಿ ಇಡು" ಅಂತ ಕೇಳುತ್ತದೆ ಅಷ್ಟೇ. ಬರೆಯುವವರು ಒಬ್ಬರೇ. ಎಕ್ಸ್ಟ್4 ಇದ್ದರೂ ವಿಂಡೋಸ್‌ಗೂ ಬರುವ ಫ್ಯಾಟ್32 ಇದ್ದರೂ ಕಂಪ್ಯೂಟರ್‌ಗೆ ವ್ಯತ್ಯಾಸ ತಿಳಿಯುವುದೇ ಇಲ್ಲ.

ಆದರೆ ಯುಎಸ್‌ಬಿ ಕೇಬಲ್‌ನಲ್ಲಿ ನೆಟ್‌ವರ್ಕ್ ಹೇಗೆ ಸಾಧ್ಯ?

ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಯುಎಸ್‌ಬಿ ಗ್ಯಾಜೆಟ್ ಅನ್ನೋ ಭಾಗವಿದೆ. ಸಾಧನವು ಕೇಬಲ್‌ನ ಆ ಕಡೆಯವರಿಗೆ ತಾನು ಯಾರು ಅಂತ ಹೇಳಿಕೊಳ್ಳುವುದು ಅದರ ಮೂಲಕ. ಕೀಬೋರ್ಡ್ ಅನ್ನಬಹುದು, ಡಿಸ್ಕ್ ಅನ್ನಬಹುದು, ನೆಟ್‌ವರ್ಕ್ ಕಾರ್ಡ್ ಅಂತಲೂ ಅನ್ನಬಹುದು. ಜಿ-ಈಥರ್ ಅನ್ನೋ ಮಾಡ್ಯೂಲ್ ಈ ಮೂರನೆಯ ಕೆಲಸ ಮಾಡುತ್ತದೆ. ಕೇಬಲ್ ಹಾಕಿದ ಕೂಡಲೇ ನಿಮ್ಮ ಲ್ಯಾಪ್‌ಟಾಪ್‌ಗೆ ಹೊಸ ಈಥರ್ನೆಟ್ ಕಾರ್ಡ್ ಬಂದ ಹಾಗೆ ಕಾಣುತ್ತದೆ. ಆ ಕಾರ್ಡ್‌ನ ಇನ್ನೊಂದು ತುದಿಯಲ್ಲಿ ಒಂದೇ ಒಂದು ಯಂತ್ರ ಇರುತ್ತದೆ, ನಿಮ್ಮ ಕನ್ಸೋಲ್. ಓಪನ್‌ಡಿಂಗಕ್ಸ್‌ನಲ್ಲಿ ಅದರ ವಿಳಾಸ 10.1.1.2.

ಆರ್‌ಜಿ350ರಲ್ಲಿ ವೈಫೈ ಇಲ್ಲ. ಹಾಗಾಗಿ ಅದಕ್ಕೆ ನೆಟ್‌ವರ್ಕ್ ಅಂದರೆ ಈ ಕೇಬಲ್ಲೇ.

ಯಾವ ಕೇಬಲ್? ಯಾವ ತೂತು?

ಆರ್‌ಜಿ350ರಲ್ಲಿ ಎರಡು ಯುಎಸ್‌ಬಿ-ಸಿ ಪೋರ್ಟ್‌ಗಳಿವೆ. ಡಿಸಿ ಅಂತ ಬರೆದಿರುವುದನ್ನು ಬಳಸಿ, ಚಾರ್ಜೂ ಡೇಟಾವೂ ಅದರಲ್ಲೇ. ಒಟಿಜಿ ಅಂತ ಬರೆದಿರುವುದು ಕನ್ಸೋಲ್‌ಗೇ ಏನಾದರೂ ಸಿಕ್ಕಿಸಲು.

ಕೇಬಲ್‌ನಲ್ಲಿ ಡೇಟಾ ತಂತಿ ಇರಬೇಕು. ಪವರ್ ಬ್ಯಾಂಕ್, ಟ್ರಿಮ್ಮರ್, ಬ್ಲೂಟೂತ್ ಸ್ಪೀಕರ್ ಜೊತೆ ಬರುವ ಗಿಡ್ಡ ಕೇಬಲ್‌ಗಳಲ್ಲಿ ಎಷ್ಟೋ ಸಲ ಕರೆಂಟಿನ ಎರಡು ತಂತಿ ಮಾತ್ರ ಇರುತ್ತವೆ. ಬ್ಯಾಟರಿ ಚಾರ್ಜ್ ಆಗುತ್ತಿದೆ, ಆದರೆ ಕಂಪ್ಯೂಟರ್ ಉಸಿರೇ ಎತ್ತುವುದಿಲ್ಲ ಅಂದರೆ ಮೊದಲ ಅನುಮಾನ ಕೇಬಲ್ ಮೇಲೇ ಇರಲಿ. ಫೋನ್‌ನಿಂದ ಫೋಟೋ ಕಾಪಿ ಮಾಡಿ ಗೊತ್ತಿರುವ ಕೇಬಲ್ ಹಾಕಿ ನೋಡಿ.

ಎರಡೂ ತುದಿ ಸಿ ಇರುವ ಕೇಬಲ್ ಹಾಕಿದರೆ ಚಾರ್ಜೂ ಆಗುವುದಿಲ್ಲ. ಪೋರ್ಟ್ ಕೆಟ್ಟಿದೆಯಾ?

ಬಹುಶಃ ಇಲ್ಲ. ಸಿ ಇಂದ ಸಿ ಕೇಬಲ್‌ನಲ್ಲಿ ಕಂಪ್ಯೂಟರ್ ಕರೆಂಟ್ ಬಿಡಬೇಕಾದರೆ ಆ ಕಡೆ ಸಿಸಿ ಪಿನ್‌ಗಳಲ್ಲಿ 5.1 ಕಿಲೋಓಮ್ ರೆಸಿಸ್ಟರ್ ಕಾಣಬೇಕು. ಆ ಕಾಲದ ಅಗ್ಗದ ಹ್ಯಾಂಡ್‌ಹೆಲ್ಡ್‌ಗಳಲ್ಲಿ ಹಲವಕ್ಕೆ ಆ ಎರಡು ಪುಟಾಣಿ ರೆಸಿಸ್ಟರ್ ಹಾಕಿಲ್ಲ. ಆಗ ಕಂಪ್ಯೂಟರ್‌ಗೆ ಅಲ್ಲಿ ಏನೋ ಇದೆ ಅಂತಲೇ ಗೊತ್ತಾಗುವುದಿಲ್ಲ. ಎ ತುದಿಯ ಹಳೇ ಕೇಬಲ್‌ನಲ್ಲಿ ಈ ವಿಚಾರಣೆ ನಡೆಯುವುದೇ ಇಲ್ಲ, ಕರೆಂಟ್ ಯಾವಾಗಲೂ ಇರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಬರೀ ಸಿ ಪೋರ್ಟ್ ಇದ್ದರೆ ಮಧ್ಯೆ ಒಂದು ಹಬ್ ಹಾಕಿ ಎ ಇಂದ ಸಿ ಕೇಬಲ್ ಬಳಸಿ.

ಲಿನಕ್ಸ್ ಕಂಪ್ಯೂಟರ್‌ನಲ್ಲಿ ಏನು ಮಾಡಬೇಕು?

ಉಬುಂಟು, ಫೆಡೋರಾ ಯಾವುದಾದರೂ ಸರಿ, ಹೆಚ್ಚೇನೂ ಇಲ್ಲ. ಕನ್ಸೋಲ್ ಪೂರ್ತಿ ಬೂಟ್ ಆಗಿ ಮೆನು ಬಂದಮೇಲೆ ಕೇಬಲ್ ಹಾಕಿ. ಫೈಲ್ ಮ್ಯಾನೇಜರ್‌ನ ವಿಳಾಸದ ಜಾಗದಲ್ಲಿ ಎಸ್‌ಎಫ್‌ಟಿಪಿ://10.1.1.2 ಅಂತ ಕೊಡಿ. ಯೂಸರ್ ಹೆಸರು ಕೇಳುತ್ತದೆ. ಹಳೇ ಫರ್ಮ್‌ವೇರ್ (ಕನ್ಸೋಲ್‌ನಲ್ಲಿ ಹಾಕಿರುವ ಸಿಸ್ಟಮ್) ಆದರೆ ರೂಟ್, ಓಪನ್‌ಡಿಂಗಕ್ಸ್‌ನ ಹೊಸ ಬೀಟಾ ಆದರೆ ಓಡಿ, ಅಂದರೆ ಇಂಗ್ಲಿಷ್‌ನ ಓ ಮತ್ತು ಡಿ ಎರಡೇ ಅಕ್ಷರ. ಪಾಸ್‌ವರ್ಡ್ ಖಾಲಿ ಬಿಡಿ. ಫೋಲ್ಡರ್‌ಗಳು ಕಂಡರೆ ಕೆಲಸ ಆಯಿತು, ಇನ್ನು ಎಳೆದು ಬಿಡುವುದಷ್ಟೇ.

ಒಂದು ಸಣ್ಣ ಕಿರಿಕಿರಿ ಇದೆ. ನೆಟ್‌ವರ್ಕ್ ಪಟ್ಟಿಯಲ್ಲಿ ಪ್ರತಿ ಸಲವೂ ಹೊಸ "ವೈರ್ಡ್ ಕನೆಕ್ಷನ್" ಹುಟ್ಟಿಕೊಳ್ಳುತ್ತದೆ, ನೀವು ಮಾಡಿಟ್ಟ ಸೆಟ್ಟಿಂಗ್ ಮಾಯವಾಗುತ್ತದೆ. ವಿಳಾಸ ಗೊತ್ತುಮಾಡಿ ಕೊಡದಿದ್ದರೆ ಜಿ-ಈಥರ್ ಪ್ರತಿ ಸಲ ಬಾಯಿಗೆ ಬಂದ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ಗುರುತಿನ ಸಂಖ್ಯೆ) ಹೇಳುತ್ತದೆ, ಅದಕ್ಕೇ ಹೀಗೆ. ನಿಮ್ಮ ಕಂಪ್ಯೂಟರ್‌ಗೆ ಅದು ಪ್ರತಿ ಸಲವೂ ಹೊಸ ಕಾರ್ಡ್. ಮಾಡ್ಯೂಲ್‌ಗೆ ಹೋಸ್ಟ್-ಅಡ್ರ್, ಡೆವ್-ಅಡ್ರ್ ಅನ್ನೋ ಎರಡು ಆಯ್ಕೆಗಳಿವೆ. ಹೆಸರಿನ ನಡುವೆ ಇರುವುದು ಅಡಿಗೆರೆ. ಅವಕ್ಕೆ ಗೊತ್ತಾದ ವಿಳಾಸ ಕೊಟ್ಟರೆ ಕಾಟ ನಿಲ್ಲುತ್ತದೆ. ಅಪರೂಪಕ್ಕೆ ಫೈಲ್ ಹಾಕುವವರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ.

ವಿಂಡೋಸ್‌ನಲ್ಲಿ ನೆಟ್‌ವರ್ಕ್ ಕಾರ್ಡ್ ಬದಲು ಕಾಮ್3 ಅಂತ ಸೀರಿಯಲ್ ಪೋರ್ಟ್ ಕಾಣಿಸುತ್ತಿದೆ. ಇದೇನು?

ವಿಂಡೋಸ್‌ನ ಊಹೆ ತಪ್ಪಾಗಿದೆ ಅಷ್ಟೇ. ವಿಂಡೋಸ್ ಜೊತೆ ಮಾತಾಡಲು ಕನ್ಸೋಲ್ ಬಳಸುವುದು ಆರ್‌ಎನ್‌ಡಿಐಎಸ್ ಅನ್ನೋ ಮೈಕ್ರೋಸಾಫ್ಟ್‌ನದೇ ಪದ್ಧತಿ. ಆದರೆ ಅದರ ಗುರುತಿನ ಸಂಖ್ಯೆಗಳು ಮೋಡೆಮ್‌ಗಳ ಗುರುತಿಗೆ ತೀರಾ ಹತ್ತಿರ ಇವೆ. ಹಾಗಾಗಿ ವಿಂಡೋಸ್ 10 ಎಷ್ಟೋ ಸಲ ಇದನ್ನು ಸೀರಿಯಲ್ ಸಾಧನ ಅಂದುಕೊಂಡು ಆ ಡ್ರೈವರ್ ಹಾಕಿಬಿಡುತ್ತದೆ. ರಾಸ್ಪ್‌ಬೆರಿ ಪೈ ಝೀರೋ ಬಳಸುವವರಿಗೂ ಇದೇ ಗೋಳು.

ಸರಿ ಮಾಡುವುದು ಹೀಗೆ. ಡಿವೈಸ್ ಮ್ಯಾನೇಜರ್ ತೆರೆಯಿರಿ. ಪೋರ್ಟ್‌ಗಳ ಪಟ್ಟಿಯಲ್ಲಿ ಆ ಕಾಮ್ ಸಾಧನದ ಮೇಲೆ ಬಲ ಕ್ಲಿಕ್ ಮಾಡಿ, ಅಪ್‌ಡೇಟ್ ಡ್ರೈವರ್ ಒತ್ತಿ. ತಾನಾಗಿ ಹುಡುಕುವ ಆಯ್ಕೆ ಬೇಡ. ಕಂಪ್ಯೂಟರ್‌ನಲ್ಲೇ ಹುಡುಕುವುದನ್ನು ಆರಿಸಿ, ಆಮೇಲೆ ಪಟ್ಟಿಯಿಂದ ನಾನೇ ಆರಿಸುತ್ತೇನೆ ಅನ್ನೋದನ್ನು ಒತ್ತಿ. "ಹೊಂದುವ ಸಾಧನ ಮಾತ್ರ ತೋರಿಸು" ಅನ್ನೋ ಟಿಕ್ ತೆಗೆಯಿರಿ. ನೆಟ್‌ವರ್ಕ್ ಅಡಾಪ್ಟರ್ಸ್, ಅದರಲ್ಲಿ ಮೈಕ್ರೋಸಾಫ್ಟ್, ಅದರಲ್ಲಿ ರಿಮೋಟ್ ಎನ್‌ಡಿಐಎಸ್ ಕಂಪ್ಯಾಟಿಬಲ್ ಡಿವೈಸ್. "ಇದು ಹೊಂದದೇ ಇರಬಹುದು" ಅಂತ ಎಚ್ಚರಿಸುತ್ತದೆ. ಪರವಾಗಿಲ್ಲ, ಹೌದು ಅನ್ನಿ.

ಇದಕ್ಕೆ ಅಂತ ಬೇರೆ ಡ್ರೈವರ್ ಡೌನ್‌ಲೋಡ್ ಮಾಡಲು ಹೋಗಬೇಡಿ. ಬೇಕಾದದ್ದು ವಿಂಡೋಸ್ ಒಳಗೇ ಇದೆ. ಡ್ರೈವರ್ ಹುಡುಕಿ ಕೊಡುವ ತಾಣಗಳಿಂದ ಬರುವ ಕಸ ತೆಗೆಯುವುದಕ್ಕೆ ಇನ್ನೊಂದು ದಿನ ಬೇಕಾಗುತ್ತದೆ.

ಆ್ಯಪಲ್‌ನ ಮ್ಯಾಕ್ ಕಂಪ್ಯೂಟರ್ ಇದ್ದರೆ?

ಮ್ಯಾಕ್‌ಗೆ ಆರ್‌ಎನ್‌ಡಿಐಎಸ್ ಬರುವುದಿಲ್ಲ. ಅದೇ ಕೆಲಸದ ಬೇರೆ ಪದ್ಧತಿಗಳಾದ ಸಿಡಿಸಿ ಇಸಿಎಂ, ಎನ್‌ಸಿಎಂ ಬರುತ್ತವೆ. ನಿಮ್ಮ ಫರ್ಮ್‌ವೇರ್ ಇಸಿಎಂ ಕೂಡ ಕೊಟ್ಟರೆ ತಾನಾಗಿ ಕೆಲಸ ಮಾಡುತ್ತದೆ. ಬರೀ ಆರ್‌ಎನ್‌ಡಿಐಎಸ್ ಕೊಟ್ಟರೆ ಹೊರಗಿನ ಡ್ರೈವರ್ ಬೇಕು. ಹೊಸ ಮ್ಯಾಕ್‌ಗಳಲ್ಲಿ ಅಂಥ ಡ್ರೈವರ್ ಹಾಕಲು ಭದ್ರತೆ ಸಡಿಲಿಸಬೇಕಾಗುತ್ತದೆ. ಆಟದ ಫೈಲ್‌ಗೋಸ್ಕರ ಅಷ್ಟು ಮಾಡುವುದು ನನಗಂತೂ ಸರಿ ಅನಿಸುವುದಿಲ್ಲ. ಕಾರ್ಡ್ ತೆಗೆದು ರೀಡರ್‌ಗೆ ಹಾಕುವುದೇ ವಾಸಿ.

ನೆಟ್‌ವರ್ಕ್ ಕಾರ್ಡ್ ಬಂತು, ಆದರೆ ವಿಳಾಸ 169.254 ಅಂತ ಶುರುವಾಗುತ್ತಿದೆ. 10.1.1.2 ಸಿಗುತ್ತಿಲ್ಲ.

169.254 ಅಂದರೆ ವಿಳಾಸ ಕೇಳಿದರೂ ಯಾರೂ ಕೊಡಲಿಲ್ಲ ಅಂತ ನಿಮ್ಮ ಕಂಪ್ಯೂಟರ್ ತಾನೇ ಒಂದು ಇಟ್ಟುಕೊಂಡಿದೆ. ಕೊಡಬೇಕಾದದ್ದು ಕನ್ಸೋಲ್. ಅದರೊಳಗೆ ಒಂದು ಪುಟ್ಟ ಡಿಎಚ್‌ಸಿಪಿ ಸರ್ವರ್ ಓಡುತ್ತಿರುತ್ತದೆ. ಬೂಟ್ ಆಗುತ್ತಿರುವಾಗಲೇ ಕೇಬಲ್ ಹಾಕಿದ್ದರೆ ಈ ತಾಳ ತಪ್ಪಬಹುದು. ಒಮ್ಮೆ ತೆಗೆದು, ಹತ್ತು ಸೆಕೆಂಡ್ ಬಿಟ್ಟು ಹಾಕಿ ನೋಡಿ.

ಆಗಲೂ ಬಾರದಿದ್ದರೆ ಕೈಯಿಂದ ಕೊಡಿ: ವಿಳಾಸ 10.1.1.5, ಸಬ್‌ನೆಟ್ ಮಾಸ್ಕ್ 255.255.255.0. ಗೇಟ್‌ವೇ, ಡಿಎನ್‌ಎಸ್ ಎರಡೂ ಖಾಲಿ. ಕೊನೆಯ ಅಂಕಿ 2 ಮಾತ್ರ ಬೇಡ, ಅದು ಕನ್ಸೋಲ್‌ನದು. ಆಮೇಲೆ 10.1.1.2ಕ್ಕೆ ಪಿಂಗ್ ಮಾಡಿ, ಉತ್ತರ ಬರುತ್ತದಾ ನೋಡಿ. ಆಫೀಸ್ ಲ್ಯಾಪ್‌ಟಾಪ್ ಆದರೆ ವಿಪಿಎನ್ ಆಫ್ ಮಾಡಿ. ಎಷ್ಟೋ ಕಂಪನಿಗಳ ಒಳಗಿನ ವಿಳಾಸಗಳೂ 10ರಿಂದಲೇ ಶುರುವಾಗುತ್ತವೆ, ನಿಮ್ಮ ಪಿಂಗ್ ಕನ್ಸೋಲ್ ಬಿಟ್ಟು ಆಫೀಸಿನ ಕಡೆ ಹೊರಟಿರಬಹುದು.

ಕೇಬಲ್ ಹಾಕಿದ ಕೂಡಲೇ ಲ್ಯಾಪ್‌ಟಾಪ್‌ನ ಇಂಟರ್ನೆಟ್ ನಿಂತುಹೋಗುತ್ತದಲ್ಲ!

ವೈಫೈಗಿಂತ ತಂತಿಯ ದಾರಿ ಮೇಲು ಅಂತ ಕಂಪ್ಯೂಟರ್ ಎಣಿಸುತ್ತದೆ. ಕನ್ಸೋಲ್ ವಿಳಾಸದ ಜೊತೆ ಗೇಟ್‌ವೇಯನ್ನೂ ಕೊಟ್ಟುಬಿಟ್ಟರೆ ನಿಮ್ಮ ಬ್ರೌಸರ್ ಹೊರಲೋಕಕ್ಕೆ ಹೋಗಲು ಆರ್‌ಜಿ350ಯನ್ನು ದಾರಿ ಕೇಳುತ್ತದೆ. ಪಾಪ, ಅದಕ್ಕೇನು ಗೊತ್ತು.

ಲಿನಕ್ಸ್‌ನಲ್ಲಿ ಆ ಕನೆಕ್ಷನ್‌ನ ಐಪಿವಿ4 ಪುಟಕ್ಕೆ ಹೋಗಿ, "ಈ ಕನೆಕ್ಷನ್ ಅದರದೇ ನೆಟ್‌ವರ್ಕ್‌ಗೆ ಮಾತ್ರ" ಅನ್ನೋ ಅರ್ಥದ ಟಿಕ್ ಹಾಕಿ. ವಿಂಡೋಸ್‌ನಲ್ಲಿ ಮೇಲೆ ಹೇಳಿದ ಹಾಗೆ ಗೇಟ್‌ವೇ ಇಲ್ಲದ ವಿಳಾಸ ಕೈಯಿಂದ ಕೊಟ್ಟರೆ ಸಾಕು.

ಎಫ್‌ಟಿಪಿ, ಎಸ್‌ಎಫ್‌ಟಿಪಿ, ಎಸ್‌ಸಿಪಿ, ಸಾಂಬಾ. ಯಾವುದನ್ನು ಬಳಸಲಿ?

ಇವೆಲ್ಲ ನೆಟ್‌ವರ್ಕ್‌ನಲ್ಲಿ ಫೈಲ್ ಕಳಿಸುವ ಬೇರೆ ಬೇರೆ ಪದ್ಧತಿಗಳು. ಮೊದಲು ನಿಮ್ಮ ಫರ್ಮ್‌ವೇರ್‌ನಲ್ಲಿ ಯಾವುದು ಓಡುತ್ತಿದೆ ಅನ್ನೋದು ಮುಖ್ಯ. ಇರುವುದರಲ್ಲಿ ಆರಿಸಬೇಕಾದರೆ ನನ್ನ ಲೆಕ್ಕ ಹೀಗೆ.

ದಿನನಿತ್ಯದ ಕೆಲಸಕ್ಕೆ ಎಸ್‌ಎಫ್‌ಟಿಪಿ. ಫೈಲ್‌ಝಿಲ್ಲಾ, ವಿನ್‌ಎಸ್‌ಸಿಪಿ ಎರಡೂ ಉಚಿತ, ಎರಡರಲ್ಲೂ ನಡೆಯುತ್ತದೆ. ಫೈಲ್ ಹಾದುಹೋಗುವಾಗ ಯಾವ ಬದಲಾವಣೆಯೂ ಆಗುವುದಿಲ್ಲ.

ದೊಡ್ಡ ಫೈಲ್ ಜಾಸ್ತಿ ಇದ್ದರೆ ಎಫ್‌ಟಿಪಿ. ಎಸ್‌ಎಫ್‌ಟಿಪಿಯಲ್ಲಿ ಪ್ರತಿ ಬೈಟ್‌ಗೂ ಬೀಗ ಹಾಕಬೇಕು, ತೆಗೆಯಬೇಕು. 1 ಗಿಗಾಹರ್ಟ್ಸ್‌ನ ಚಿಕ್ಕ ಮಿಪ್ಸ್ ಚಿಪ್‌ಗೆ ಅದು ಭಾರ. ಎಫ್‌ಟಿಪಿಯಲ್ಲಿ ಆ ಬೀಗವಿಲ್ಲ. ನಿಮ್ಮ ಮೇಜಿನ ಮೇಲಿನ ಒಂದು ಗೇಣು ಕೇಬಲ್‌ನಲ್ಲಿ ಕದ್ದು ಕೇಳುವವರು ಯಾರು ಹೇಳಿ? ಒಂದೇ ಎಚ್ಚರ: ವರ್ಗಾವಣೆಯ ರೀತಿ ಬೈನರಿ ಇರಬೇಕು, ಆಸ್ಕಿ ಅಲ್ಲ. ಆಸ್ಕಿಯಲ್ಲಿ ಅದು ಸಾಲಿನ ಕೊನೆಯ ಗುರುತುಗಳನ್ನು ತಿದ್ದುತ್ತದೆ. ಪಠ್ಯಕ್ಕೆ ಸರಿ, ಆಟದ ಫೈಲ್‌ಗೆ ವಿಷ. ಕಳಿಸಿದ ಮೇಲೆ ಎರಡೂ ಕಡೆ ಗಾತ್ರ ಒಂದೇ ಇದೆಯಾ ನೋಡಿ. ಕೆಲವೇ ಬೈಟ್ ವ್ಯತ್ಯಾಸ ಇದ್ದರೆ ಆಸ್ಕಿಯದೇ ಕೆಲಸ.

ಒಂದೆರಡು ಫೈಲ್‌ಗೆ ಟರ್ಮಿನಲ್‌ನಲ್ಲೇ ಎಸ್‌ಸಿಪಿ. ಸಾಂಬಾ ಇದ್ದರೆ ವಿಂಡೋಸ್‌ನವರಿಗೆ ಹಾಯಾಗಿರುತ್ತದೆ, ಮಾಮೂಲಿ ಫೋಲ್ಡರ್ ತರವೇ ಕಾಣುತ್ತದೆ. ಆದರೆ ಅದರ ಗೋಳು ಬೇರೆ, ಕೆಳಗೆ ನೋಡಿ. ಲಿನಕ್ಸ್‌ನವರಿಗೆ ಸಾಂಬಾ ಬೇಡವೇ ಬೇಡ. ಎಸ್‌ಎಫ್‌ಟಿಪಿ ಮೂಲಕವೇ ಮಾಮೂಲಿ ಫೋಲ್ಡರ್ ತರ ತೋರಿಸುವ ಎಸ್‌ಎಸ್‌ಎಚ್‌ಎಫ್‌ಎಸ್ ಹಾಕಿಕೊಂಡರೆ ಅದೇ ಸುಖ ಸಿಗುತ್ತದೆ.

ಎಸ್‌ಸಿಪಿ ಹೋದ ವರ್ಷದವರೆಗೂ ನಡೆಯುತ್ತಿತ್ತು. ಲ್ಯಾಪ್‌ಟಾಪ್ ಅಪ್‌ಡೇಟ್ ಆದಮೇಲೆ ಕೈಕೊಟ್ಟಿದೆ.

ಕನ್ಸೋಲ್ ನಿಂತಲ್ಲೇ ನಿಂತಿದೆ, ಲೋಕ ಮುಂದೆ ಹೋಗಿದೆ. ಸಾಮಾನ್ಯವಾಗಿ ಮೂರರಲ್ಲಿ ಒಂದು ಆಗಿರುತ್ತದೆ.

ಎಸ್‌ಎಸ್‌ಎಚ್ ಅಂದರೆ ನೆಟ್‌ವರ್ಕ್ ಮೂಲಕ ಇನ್ನೊಂದು ಯಂತ್ರದೊಳಗೆ ಹೋಗಿ ಆಜ್ಞೆ ಕೊಡುವ ದಾರಿ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಮಾಡುವುದು ಓಪನ್‌ಎಸ್‌ಎಸ್‌ಎಚ್. ಅದರ 9.0, ಅಂದರೆ 2022ರಿಂದ, ಎಸ್‌ಸಿಪಿ ಆಜ್ಞೆ ಒಳಗೊಳಗೇ ಎಸ್‌ಎಫ್‌ಟಿಪಿ ಬಳಸುತ್ತದೆ. ಕನ್ಸೋಲ್‌ನಲ್ಲಿ ಇರುವುದು ಡ್ರಾಪ್‌ಬೇರ್ ಅನ್ನೋ ಪುಟ್ಟ ಸರ್ವರ್. ಅದರ ಜೊತೆ ಎಸ್‌ಎಫ್‌ಟಿಪಿ ಸರ್ವರ್ ಬೇರೆಯಾಗಿ ಹಾಕಿರಬೇಕು. ಹಾಕಿಲ್ಲದಿದ್ದರೆ ಕನೆಕ್ಷನ್ ಮುರಿಯುತ್ತದೆ. ಎಸ್‌ಸಿಪಿ ಆಜ್ಞೆಯ ಪಕ್ಕ ಒಂದು ಅಡ್ಡಗೆರೆ, ಅದಕ್ಕಂಟಿ ದೊಡ್ಡಕ್ಷರದ ಓ ಸೇರಿಸಿ, ಹಳೇ ಪದ್ಧತಿಗೆ ಮರಳುತ್ತದೆ. ಅದು ಇಂಗ್ಲಿಷ್ ಅಕ್ಷರ ಓ, ಸೊನ್ನೆ ಅಲ್ಲ.

"ಹೊಂದುವ ಹೋಸ್ಟ್ ಕೀ ಇಲ್ಲ" ಅನ್ನೋ ಅರ್ಥದ ದೂರು ಬಂದರೆ ಕಾರಣ 8.8ನೇ ಆವೃತ್ತಿ. 2021ರ ಆ ಆವೃತ್ತಿಯಲ್ಲಿ ಶಾ-1 ಬಳಸುವ ಹಳೇ ಆರ್‌ಎಸ್‌ಎ ಸಹಿಯನ್ನು ಒಪ್ಪುವುದು ನಿಂತಿತು. ಎಸ್‌ಎಸ್‌ಎಚ್‌ನ ಕಾನ್ಫಿಗ್ ಫೈಲ್‌ನಲ್ಲಿ 10.1.1.2 ಒಂದಕ್ಕೆ ಮಾತ್ರ ಹೋಸ್ಟ್‌ಕೀ ಆಲ್ಗಾರಿದಮ್ಸ್ ಸಾಲಿನಲ್ಲಿ ಕೂಡು ಗುರುತಿನ ಜೊತೆ ಎಸ್‌ಎಸ್‌ಎಚ್-ಆರ್‌ಎಸ್‌ಎ ಸೇರಿಸಿ. ಎಲ್ಲ ಸರ್ವರ್‌ಗೂ ಸೇರಿಸಬೇಡಿ.

ಮೂರನೆಯದು ದೊಡ್ಡಕ್ಷರದಲ್ಲಿ ಕಿರುಚುವ ಎಚ್ಚರಿಕೆ: ಆ ಕಡೆಯ ಯಂತ್ರದ ಗುರುತು ಬದಲಾಗಿದೆ ಅಂತ. ಫರ್ಮ್‌ವೇರ್ ಹೊಸದಾಗಿ ಹಾಕಿದ್ದೀರಾ? ಇಲ್ಲವೇ ಮನೆಯಲ್ಲಿ ಇಂಥವು ಎರಡಿವೆಯಾ? ಎರಡರ ವಿಳಾಸವೂ 10.1.1.2 ತಾನೇ, ಕಂಪ್ಯೂಟರ್‌ಗೆ ಅನುಮಾನ ಬರುವುದು ಸಹಜ. ಎಸ್‌ಎಸ್‌ಎಚ್-ಕೀಜೆನ್ ಆಜ್ಞೆಗೆ ದೊಡ್ಡಕ್ಷರದ ಆರ್ ಆಯ್ಕೆ ಕೊಟ್ಟು ಹಳೇ ಗುರುತು ಅಳಿಸಿ.

ಸಾಂಬಾ ಫೋಲ್ಡರ್ ತೆರೆಯಲು ವಿಂಡೋಸ್ ಒಪ್ಪುತ್ತಿಲ್ಲ.

ಹಳೇ ಫರ್ಮ್‌ವೇರ್‌ನ ಸಾಂಬಾಗೆ ಫೋಲ್ಡರ್ ಹಂಚುವ ಹಳೇ ಎಸ್‌ಎಂಬಿ1 ಭಾಷೆ ಮಾತ್ರ ಬರುತ್ತದೆ. 2017ರಲ್ಲಿ ವಾನಾಕ್ರೈ ಅನ್ನೋ ರ‍್ಯಾನ್ಸಮ್‌ವೇರ್ ಹಾವಳಿ ಎಬ್ಬಿಸಿದ್ದು ಅದೇ ಎಸ್‌ಎಂಬಿ1ರ ಬಿರುಕಿನಿಂದ. ಅದೇ ವರ್ಷದ 1709 ಆವೃತ್ತಿಯಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಅದು ಇರುವುದಿಲ್ಲ. ಸಾಂಬಾದವರೂ 2019ರ 4.11ರಲ್ಲಿ ಅದನ್ನು ಆಫ್ ಮಾಡಿದರು. ಇದರ ಮೇಲೆ ವಿಂಡೋಸ್ 11ರ 24ಎಚ್2 ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶಕ್ಕೂ ತಡೆ ಹಾಕುತ್ತದೆ.

ಇವನ್ನೆಲ್ಲ ಮತ್ತೆ ಆನ್ ಮಾಡಲು ಸಾಧ್ಯವಿದೆ. ಮಾಡಬೇಡಿ ಅಂತ ನನ್ನ ಸಲಹೆ. ಆ ಬಾಗಿಲು ತೆರೆಯುವುದು ಬರೀ ಕನ್ಸೋಲ್‌ಗೆ ಅಲ್ಲ, ನೀವು ಸೇರುವ ಪ್ರತಿ ನೆಟ್‌ವರ್ಕ್‌ಗೂ. ವಿನ್‌ಎಸ್‌ಸಿಪಿ ಇರುವಾಗ ಆ ಉಸಾಬರಿ ಯಾಕೆ?

ಸರಿ, ಒಳಗೆ ಬಂದೆ. ಫೈಲ್ ಎಲ್ಲಿ ಹಾಕಲಿ?

ಮೀಡಿಯಾ ಅನ್ನೋ ಫೋಲ್ಡರ್ ಹುಡುಕಿ. ಅದರೊಳಗೆ ಡೇಟಾ, ಅದರೊಳಗೆ ಆ್ಯಪ್ಸ್. ಓಪಿಕೆ ಫೈಲ್‌ಗಳು, ಅಂದರೆ ಓಪನ್‌ಡಿಂಗಕ್ಸ್‌ನ ಆ್ಯಪ್‌ಗಳು, ಅಲ್ಲಿಗೆ. ಹೊರಗಿನ ಕಾರ್ಡ್ ಹಳೇ ಫರ್ಮ್‌ವೇರ್‌ನಲ್ಲಿ ಮೀಡಿಯಾ ಒಳಗೆ ಎಸ್‌ಡಿಕಾರ್ಡ್ ಅನ್ನೋ ಹೆಸರಲ್ಲಿ ಕಾಣುತ್ತದೆ. ಅದರಲ್ಲೂ ಆ್ಯಪ್ಸ್ ಅಂತ ಫೋಲ್ಡರ್ ಮಾಡಿ ಓಪಿಕೆ ಹಾಕಿದರೆ ಮೆನುವಿನಲ್ಲಿ ಬರುತ್ತದೆ. ಆಟದ ಫೈಲ್‌ಗಳನ್ನು ಹೊರಗಿನ ಕಾರ್ಡ್‌ನಲ್ಲೇ ಇಡುವುದು ಒಳ್ಳೆಯದು. ನಾಳೆ ಫರ್ಮ್‌ವೇರ್ ಬದಲಿಸಿದರೂ ಅವು ಉಳಿಯುತ್ತವೆ.

ಓಪಿಕೆಯನ್ನು ಬಿಚ್ಚಬೇಡಿ. ಅದು ಸ್ಕ್ವಾಶ್‌ಎಫ್‌ಎಸ್‌ನಲ್ಲಿ ಒತ್ತಿ ಕಟ್ಟಿದ ಗಂಟು. ಕನ್ಸೋಲ್ ಅದನ್ನು ಹಾಗೇ ಮೌಂಟ್ ಮಾಡಿ ಓಡಿಸುತ್ತದೆ.

ಮೂಲ ಫೋಲ್ಡರ್‌ನಲ್ಲಿ ಏನೋ ಬರೆಯಲು ಹೋಗಿ "ಓದಲು ಮಾತ್ರ" ಅಂತ ಬಂದರೆ ಗಾಬರಿ ಬೇಡ. ಸಿಸ್ಟಮ್ ಭಾಗವೂ ಸ್ಕ್ವಾಶ್‌ಎಫ್‌ಎಸ್ಸೇ, ಅದಕ್ಕೆ ಬರೆಯಲು ಆಗುವುದಿಲ್ಲ. ಹಾಗಿರುವುದರಿಂದಲೇ ಬ್ಯಾಟರಿ ಸತ್ತು ದಿಢೀರ್ ಆಫ್ ಆದರೂ ಕನ್ಸೋಲ್ ಮತ್ತೆ ಎದ್ದು ನಿಲ್ಲುತ್ತದೆ.

ಇನ್ನೊಂದು ಮಾತು. ಎಕ್ಸ್ಟ್4ರಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ವಿಂಡೋಸ್‌ನಲ್ಲಿ ಒಂದೇ. ಬಯೋಸ್ ಫೈಲ್‌ನ ಹೆಸರು ದೊಡ್ಡಕ್ಷರದಲ್ಲಿದ್ದು ಎಮ್ಯುಲೇಟರ್ (ಹಳೇ ಕನ್ಸೋಲ್‌ನ ಆಟ ಓಡಿಸುವ ತಂತ್ರಾಂಶ) ಸಣ್ಣಕ್ಷರ ಹುಡುಕುತ್ತಿದ್ದರೆ, ಕಣ್ಣೆದುರೇ ಇರುವ ಫೈಲ್ ಸಿಗುವುದಿಲ್ಲ.

ರೂಟ್ ಆಗಿ ಹಾಕಿದ ಆಟ ಓಡುತ್ತದೆ, ಆದರೆ ಸೇವ್ ಆಗುತ್ತಿಲ್ಲ.

ಕೆಲವು ಫರ್ಮ್‌ವೇರ್‌ಗಳಲ್ಲಿ ಮೆನು ಮತ್ತು ಆಟಗಳು ಓಡಿ ಅನ್ನೋ ಯೂಸರ್ ಹೆಸರಲ್ಲಿ ಓಡುತ್ತವೆ. ನೀವು ರೂಟ್ ಆಗಿ ಹಾಕಿದ ಫೋಲ್ಡರ್ ರೂಟ್‌ನದು, ಓಡಿಗೆ ಅಲ್ಲಿ ಬರೆಯುವ ಹಕ್ಕಿಲ್ಲ. ಓಡಿ ಆಗಿಯೇ ಲಾಗಿನ್ ಆಗಿ ಮತ್ತೆ ಹಾಕಿ. ಇಲ್ಲವೇ ಚೌನ್ (ಸಿ, ಎಚ್, ಓ, ಡಬ್ಲ್ಯೂ, ಎನ್) ಆಜ್ಞೆಯಿಂದ ಒಡೆತನ ಬದಲಿಸಿ. ಫ್ಯಾಟ್32 ಕಾರ್ಡ್‌ನಲ್ಲಿ ಈ ತೊಂದರೆ ಬರುವುದು ಕಡಿಮೆ, ಯಾಕಂದರೆ ಫೈಲ್ ಯಾರದು ಅಂತ ಬರೆದಿಡುವ ಜಾಗವೇ ಅದರಲ್ಲಿಲ್ಲ.

ಹೊಸ 128 ಜಿಬಿ ಕಾರ್ಡ್ ಹಾಕಿದೆ. ನೆಟ್‌ವರ್ಕ್‌ನಲ್ಲಿ ಅದು ಕಾಣುತ್ತಲೇ ಇಲ್ಲ.

32 ಜಿಬಿಗಿಂತ ದೊಡ್ಡ ಕಾರ್ಡ್‌ಗಳು ಅಂಗಡಿಯಿಂದ ಬರುವುದೇ ಎಕ್ಸ್‌ಫ್ಯಾಟ್ ಆಗಿ. ಎಕ್ಸ್‌ಫ್ಯಾಟ್ ಲಿನಕ್ಸ್ ಕರ್ನಲ್‌ಗೆ ಸೇರಿದ್ದು 2019ರ 5.4ರಲ್ಲಿ, ಪಕ್ಕಾ ಆಗಿದ್ದು 2020ರ 5.7ರಲ್ಲಿ. ಹಳೇ ಫರ್ಮ್‌ವೇರ್‌ನ ಕರ್ನಲ್ ಅದಕ್ಕಿಂತ ಎಷ್ಟೋ ಮೊದಲಿನದು. ಫ್ಯಾಟ್32 ಮಾಡಿ ಹಾಕಿ. ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿ 32 ಜಿಬಿ ಮೀರಿದ ಕಾರ್ಡ್‌ಗೆ ಆ ಆಯ್ಕೆ ತೋರಿಸುವುದಿಲ್ಲ. ರೂಫಸ್ ತರದ ಉಚಿತ ಉಪಕರಣ ಬಳಸಿ.

ಸ್ಪೀಡ್ ಎಷ್ಟು ಸಿಗುತ್ತದೆ?

ಯುಎಸ್‌ಬಿ 2.0 ಅಂದರೆ ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್. ನಿಜದಲ್ಲಿ ಕಾರ್ಡ್ ಬರೆಯುವ ವೇಗ ಮತ್ತು ಆ ಚಿಪ್ಪಿನ ಶಕ್ತಿ ಎರಡೂ ಅದನ್ನು ಎಳೆದು ಕೆಳಗಿಳಿಸುತ್ತವೆ. ಸೆಕೆಂಡಿಗೆ 5 ಎಂಬಿ ಸಿಕ್ಕರೂ 700 ಎಂಬಿಯ ಒಂದು ಪ್ಲೇಸ್ಟೇಷನ್ ಡಿಸ್ಕ್‌ಗೆ ಎರಡೂಕಾಲು ನಿಮಿಷದ ಮೇಲೆ ಸ್ವಲ್ಪ. ಆದರೆ ನೂರಾರು ಚಿಕ್ಕ ಚಿಕ್ಕ ಫೈಲ್ ಕಳಿಸಿದರೆ ಇದರ ಹತ್ತಿರವೂ ಬರುವುದಿಲ್ಲ. ಪ್ರತಿ ಫೈಲ್‌ಗೂ ಹೋಗಿಬರುವ ಮಾತುಕತೆ ನಡೆಯಬೇಕಲ್ಲ. ಚಿಕ್ಕವನ್ನು ಒಂದು ಟಾರ್ ಗಂಟು ಕಟ್ಟಿ ಕಳಿಸಿ, ಅಲ್ಲಿ ಎಸ್‌ಎಸ್‌ಎಚ್‌ನಲ್ಲಿ ಬಿಚ್ಚಿ.

ಮೊದಲ ಸಲ ಇಡೀ 64 ಜಿಬಿ ತುಂಬಿಸುವವರು ಕೇಬಲ್ ನೆಚ್ಚಿಕೊಳ್ಳಬೇಡಿ, ಕಾರ್ಡ್ ರೀಡರ್ ಬಳಸಿ. ಈ ದಾರಿ ಚೆನ್ನಾಗಿರುವುದು ಆಮೇಲಿನ ದಿನಗಳಿಗೆ: ಒಂದು ಆಟ ಸೇರಿಸಲು, ಒಂದು ಸೆಟ್ಟಿಂಗ್ ತಿದ್ದಲು, ಸೇವ್ ಫೈಲ್ ತೆಗೆದಿಡಲು.

ಕೆಲಸ ಆದಮೇಲೆ ಇಜೆಕ್ಟ್ ಮಾಡದೆ ಕೇಬಲ್ ಕೀಳಬಹುದಾ?

ಕೀಳಬಹುದು. ಇದೇ ಈ ದಾರಿಯ ದೊಡ್ಡ ಲಾಭ. ಕಾರ್ಡ್‌ಗೆ ಬರೆಯುತ್ತಿರುವುದು ಕನ್ಸೋಲ್, ಅದು ಓಡುತ್ತಲೇ ಇದೆ. ಕೇಬಲ್ ಹೋದರೆ ಆ ಹೊತ್ತಿಗೆ ಹೋಗುತ್ತಿದ್ದ ಒಂದು ಫೈಲ್ ಅರ್ಧಕ್ಕೆ ನಿಲ್ಲುತ್ತದೆ, ಅಷ್ಟೇ.

ಹುಷಾರಾಗಿರಬೇಕಾದದ್ದು ಬೇರೆ ಕಡೆ. ಫೈಲ್‌ಝಿಲ್ಲಾದಲ್ಲಿ ನೂರು ಶೇಕಡ ಬಂದ ಕ್ಷಣಕ್ಕೆ ಫೈಲ್‌ನ ಕೊನೆಯ ಭಾಗ ಇನ್ನೂ ಕನ್ಸೋಲ್‌ನ ರ‍್ಯಾಮ್‌ನಲ್ಲೇ ಇರಬಹುದು. ಲಿನಕ್ಸ್ ಬರೆಯುವುದನ್ನು ಸ್ವಲ್ಪ ಕೂಡಿಟ್ಟುಕೊಂಡು ಆಮೇಲೆ ಕಾರ್ಡ್‌ಗೆ ಇಳಿಸುತ್ತದೆ. ಆಗಲೇ ರೀಸೆಟ್ ಒತ್ತಿದರೆ, ಹೊರಗಿನ ಕಾರ್ಡ್ ಕಿತ್ತರೆ ನಷ್ಟ. ಎಸ್‌ಎಸ್‌ಎಚ್‌ನಲ್ಲಿ ಸಿಂಕ್ ಅಂತ ಒಂದು ಆಜ್ಞೆ ಕೊಡಿ, ಇಲ್ಲವೇ ಮೆನುವಿನಿಂದಲೇ ಪವರ್ ಆಫ್ ಮಾಡಿ.

ಫೈಲ್‌ಗೆ ಕನ್ನಡದಲ್ಲಿ ಹೆಸರಿಟ್ಟರೆ?

ಫೈಲ್ ಸುರಕ್ಷಿತವಾಗಿ ಹೋಗುತ್ತದೆ. ಎರಡೂ ಕಡೆ ಯುಟಿಎಫ್-8 ಇದ್ದರೆ ಹೆಸರೂ ಉಳಿಯುತ್ತದೆ. ಆದರೆ ಕನ್ಸೋಲ್‌ನ ಮೆನುವಿನಲ್ಲಿ ಚೌಕ ಚೌಕವಾಗಿ ಕಾಣುತ್ತದೆ, ಅದರ ಫಾಂಟ್‌ನಲ್ಲಿ ಕನ್ನಡ ಇಲ್ಲದಿದ್ದರೆ. ಫಾಂಟ್ ಬದಲಿಸಿದರೂ ಪೂರ್ತಿ ಬಗೆಹರಿಯುವುದಿಲ್ಲ. ಇಂಥ ಮೆನುಗಳು ಅಕ್ಷರ ಬಿಡಿಸುವುದು ಎಸ್‌ಡಿಎಲ್-ಟಿಟಿಎಫ್‌ನಿಂದ. ಅದಕ್ಕೆ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುವ ಹಾರ್ಫ್‌ಬಝ್ ಜೋಡಣೆ ಬಂದಿದ್ದು 2022ರ 2.0.18ರಲ್ಲಿ. ಅದಕ್ಕೂ ಹಿಂದಿನದರಲ್ಲಿ "ಕೃಷ್ಣ" ಅಂತ ಬರೆದರೆ ಷ ಪಕ್ಕದಲ್ಲಿ ಅರ್ಧ ಬಿಟ್ಟ ಹಾಗೆ ವಿರಾಮದ ಕೊಂಬು, ಅದರಾಚೆ ಬಿಡಿ ಣ. ಒತ್ತಕ್ಷರ ಕೆಳಗೆ ಇಳಿಯುವುದೇ ಇಲ್ಲ. ಕನ್ಸೋಲ್‌ಗೆ ಹೋಗುವ ಫೈಲ್‌ಗೆ ಇಂಗ್ಲಿಷ್ ಅಕ್ಷರದ ಹೆಸರೇ ಇರಲಿ. ಬೇಸರದ ಮಾತು, ಆದರೆ ಸದ್ಯಕ್ಕೆ ಹಾಗೇ.

ಕನ್ಸೋಲ್‌ಗೆ ಕಂಪ್ಯೂಟರ್‌ನ ಇಂಟರ್ನೆಟ್ ಕೊಡಬಹುದಾ?

ಲಿನಕ್ಸ್‌ನಲ್ಲಿ ಆಗುತ್ತದೆ. ಕಂಪ್ಯೂಟರ್‌ನಲ್ಲಿ ಐಪಿ ಫಾರ್ವರ್ಡಿಂಗ್ ಮತ್ತು ಮಾಸ್ಕರೇಡ್ ಆನ್ ಮಾಡಿ, ಕನ್ಸೋಲ್‌ಗೆ ನಿಮ್ಮ ವಿಳಾಸವನ್ನು ಗೇಟ್‌ವೇ ಆಗಿ ಕೊಡಿ, ಡಿಎನ್‌ಎಸ್ ಒಂದು ಸೇರಿಸಿ. ವಿಂಡೋಸ್‌ನ ಇಂಟರ್ನೆಟ್ ಹಂಚುವ ಸೌಲಭ್ಯ ಆನ್ ಮಾಡಿದರೆ ಅದು ಆ ಕಾರ್ಡ್‌ಗೆ ಹೇಳದೆ ಕೇಳದೆ 192.168.137.1 ವಿಳಾಸ ಹಾಕುತ್ತದೆ. ಕನ್ಸೋಲ್ 10.1.1ರಲ್ಲೇ ಉಳಿದಿರುತ್ತದೆ, ಇದ್ದ ಸಂಪರ್ಕವೂ ಹೋಗುತ್ತದೆ. ಆಮೇಲೆ ಅಲ್ಲಿ ಕೈಯಿಂದ 10.1.1.5 ಮತ್ತೆ ಕೊಡಬೇಕು.

ರೂಟ್‌ಗೆ ಪಾಸ್‌ವರ್ಡೇ ಇಲ್ಲ. ಅಪಾಯ ಅಲ್ವಾ?

ಬರೀ ಕೇಬಲ್ ಇದ್ದಾಗ ಆ ತುದಿಯಲ್ಲಿ ನಿಮ್ಮ ಕಂಪ್ಯೂಟರ್ ಬಿಟ್ಟು ಬೇರೆ ಯಾರೂ ಇಲ್ಲ. ತೊಂದರೆ ಇಲ್ಲ. ಜಿಸಿಡಬ್ಲ್ಯೂ ಝೀರೋದಲ್ಲಿ ವೈಫೈ ಇದೆ. ಅದನ್ನು ಆನ್ ಮಾಡಿ ಹಾಸ್ಟೆಲ್‌ನದೋ ಕಾಫಿ ಅಂಗಡಿಯದೋ ನೆಟ್‌ವರ್ಕ್ ಸೇರಿದರೆ ಅದೇ ಬಾಗಿಲು ಅಲ್ಲಿರುವ ಎಲ್ಲರಿಗೂ ತೆರೆದಿರುತ್ತದೆ. ಪಾಸ್‌ಡಬ್ಲ್ಯೂಡಿ ಆಜ್ಞೆಯಿಂದ ಪಾಸ್‌ವರ್ಡ್ ಇಡಿ.

ಹೊಸ ಓಪನ್‌ಡಿಂಗಕ್ಸ್ ಬೀಟಾದಲ್ಲಿ ಎಂಟಿಪಿ ಇದೆಯಂತೆ. ಅದು ಸಾಲದೇ?

ಬರೀ ಆಟ ಹಾಕಿ ತೆಗೆಯುವವರಿಗೆ ಸಾಕು. ಆಂಡ್ರಾಯ್ಡ್ ಫೋನ್ ಕಾಣುವ ಹಾಗೇ ಕಾಣುತ್ತದೆ. ಡ್ರೈವರ್ ರಗಳೆ ಇಲ್ಲ, ಕಾರ್ಡ್‌ನ ಯಜಮಾನಿಕೆ ಇದರಲ್ಲೂ ಕನ್ಸೋಲ್‌ನದೇ. ಆದರೆ ಎಂಟಿಪಿಯಲ್ಲಿ ಫೈಲ್‌ನ ನಡುವೆ ಒಂದು ಸಾಲು ತಿದ್ದಿ ಉಳಿಸಲು ಸಾಮಾನ್ಯವಾಗಿ ಆಗುವುದಿಲ್ಲ, ಇಡೀ ಫೈಲ್ ತೆಗೆದು ಮತ್ತೆ ಹಾಕಬೇಕು. ಒಳಗೆ ಹೋಗಿ ಆಜ್ಞೆ ಕೊಡುವುದಂತೂ ಇಲ್ಲವೇ ಇಲ್ಲ. ತಾವೇ ಆಟ ಬರೆಯುವವರಿಗೆ, ಎಮ್ಯುಲೇಟರ್ ಕಂಪೈಲ್ ಮಾಡಿ ಪರೀಕ್ಷಿಸುವವರಿಗೆ ನೆಟ್‌ವರ್ಕೇ ಬೇಕು.

ಆಟದ ಫೈಲ್‌ಗಳನ್ನು ಎಲ್ಲಿಂದ ತರಲಿ?

ನಿಮ್ಮದೇ ಡಿಸ್ಕ್, ಕಾರ್ಟ್ರಿಜ್‌ಗಳಿಂದ. ಲೇಖಕರೇ ಉಚಿತವಾಗಿ ಕೊಡುವ ಹೋಮ್‌ಬ್ರೂ ಆಟಗಳೂ ಸಾಕಷ್ಟಿವೆ. ಇದಕ್ಕಿಂತ ಹೆಚ್ಚು ಇಲ್ಲಿ ಕೇಳಬೇಡಿ.

ನನ್ನ ಬಳಿ ಇರುವುದು ಬೇರೆ ಕನ್ಸೋಲ್. ಇದೆಲ್ಲ ಹೊಂದುತ್ತದಾ?

ಬೇರು ಒಂದೇ, ವಿಳಾಸ ಮತ್ತು ಸೇವೆಗಳು ಬೇರೆ. 2005ರಲ್ಲಿ ಕೊರಿಯಾದಿಂದ ಬಂದ ಜಿಪಿ2ಎಕ್ಸ್‌ನಲ್ಲಿ ಎರಡು ಎಎ ಸೆಲ್ ಹಾಕಿ ಆಡಬೇಕಿತ್ತು. ಅದರಲ್ಲೂ ಯುಎಸ್‌ಬಿ ನೆಟ್‌ವರ್ಕ್ ಇತ್ತು. ಫರ್ಮ್‌ವೇರ್‌ನ ಸೆಟ್ಟಿಂಗ್‌ನಲ್ಲೇ ಸಾಂಬಾ, ಎಫ್‌ಟಿಪಿ, ಟೆಲ್‌ನೆಟ್ ಆನ್ ಮಾಡಬಹುದಿತ್ತು. ಅದನ್ನು ಇನ್ನೂ ಇಟ್ಟುಕೊಂಡವರಿಗೆ ಮೇಲಿನ ಎಸ್‌ಎಂಬಿ1 ಉತ್ತರ ಚೆನ್ನಾಗಿ ಅನ್ವಯಿಸುತ್ತದೆ. ವಿಳಾಸ 192.168.1ರಲ್ಲಿ ಇಟ್ಟಿದ್ದರೆ ಇನ್ನೊಂದು ಗಮನಿಸಿ. ಎಷ್ಟೋ ಮನೆಗಳ ರೌಟರ್ ಕೂಡ ಅದೇ ಸಾಲಿನಲ್ಲಿರುತ್ತದೆ, ಎರಡೂ ಡಿಕ್ಕಿ ಹೊಡೆಯುತ್ತವೆ. ಒಂದನ್ನು ಬದಲಿಸಲೇಬೇಕು.

ಸ್ಟೀಮ್ ಡೆಕ್‌ನಲ್ಲಿ ಬಯೋಸ್‌ಗೆ ಹೋಗಿ ಯುಎಸ್‌ಬಿ ಡ್ಯುಯಲ್ ರೋಲ್ ಅನ್ನೋದನ್ನು ಡಿಆರ್‌ಡಿ ಮಾಡಿದರೆ ಜಿ-ಈಥರ್ ಅಲ್ಲೂ ನಡೆಯುತ್ತದೆ. ಆದರೆ ಅದಕ್ಕೆ ಒಳ್ಳೇ ವೈಫೈ ಇದೆ. ಎಸ್‌ಎಸ್‌ಎಚ್ ಆನ್ ಮಾಡಿಕೊಂಡು ಹಾಗೇ ಕಳಿಸಿ, ಕೇಬಲ್ ಹುಡುಕುವ ಕೆಲಸ ಉಳಿಯುತ್ತದೆ.